ಕಫದ ಕೆಮ್ಮಿಗೆ ಚೀನೀ ‘ಎರ್ ಚೆನ್’ ಗುಳಿಗೆ: ರಕ್ತದೊತ್ತಡ ಇರುವವರಿಗೆ ಕೊಡಬಹುದೇ?

ಪ್ರಶ್ನೆ (ಬದಿಯಡ್ಕದಿಂದ):
ನನ್ನ ತಾಯಿಗೆ 68 ವರ್ಷ. ಆಟಿಯ ಮಳೆ ಹಿಡಿದಂದಿನಿಂದ ಬೆಳಗ್ಗೆ ಎದ್ದ ಕೂಡಲೇ ಕೆಮ್ಮು ಬಂದು, ಬಿಳಿಯ ಕಫ ಧಾರಾಳವಾಗಿ ಬೀಳುತ್ತದೆ. ಆಡುಸೋಗೆಯ ಕಷಾಯ ಕೊಡುತ್ತಿದ್ದರೂ ಮೂರು ವಾರಗಳಿಂದ ಕಡಿಮೆಯಾಗಿಲ್ಲ. ಸಿಂಗಾಪುರದಲ್ಲಿರುವ ತಮ್ಮ ‘ಎರ್ ಚೆನ್ ವಾನ್’ ಎಂಬ ಗುಳಿಗೆಯ ಬಾಟಲಿ ತಂದಿದ್ದಾನೆ. ತಾಯಿ ರಕ್ತದೊತ್ತಡಕ್ಕೆ ಎರಡು ಮಾತ್ರೆ ಸೇವಿಸುತ್ತಾರೆ. ಇದನ್ನು ಕೊಡಬಹುದೇ?

ಉತ್ತರ 1 (ಮಂಜೇಶ್ವರದಿಂದ, ಆಯುರ್ವೇದ ವ್ಯಾಸಂಗ ಮಾಡಿದವನು):
ಇದು ಸಾಂಗ್ ಅರಸರ ಕಾಲದ ಸರ್ಕಾರಿ ಔಷಧಶಾಲೆಯ ಸೂತ್ರಗ್ರಂಥದಲ್ಲಿ ದಾಖಲಾದ ಹಳೆಯ ಯೋಗ. ಬಾನ್ ಶಿಯಾ ಎಂಬ ಗಡ್ಡೆ ಮತ್ತು ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆ ತಲಾ 5 ಭಾಗ, ಫು ಲಿಂಗ್ ಎಂಬ ಅಣಬೆ 3 ಭಾಗ, ಹುರಿದ ಜ್ಯೇಷ್ಠಮಧು ಒಂದೂವರೆ ಭಾಗ. ಇವನ್ನು 7 ಬಿಲ್ಲೆ ಶುಂಠಿ ಮತ್ತು ಒಂದು ಹುಳಿ ಪ್ಲಮ್ ಹಣ್ಣಿನೊಂದಿಗೆ ಕುದಿಸುವುದು ಮೂಲ ಕ್ರಮ. ‘ಎರ್ ಚೆನ್’ ಎಂದರೆ ‘ಎರಡು ಹಳೆಯವು’: ಗಡ್ಡೆಯೂ ಸಿಪ್ಪೆಯೂ ಹಳತಾದಷ್ಟು ಒಳ್ಳೆಯದು ಎಂಬುದು ಅಲ್ಲಿಯ ವೈದ್ಯರ ನಂಬಿಕೆ. ಪ್ಲೀಹ ದುರ್ಬಲವಾದಾಗ ತೇವ ಸೇರಿ ಕಫವಾಗುತ್ತದೆ ಎಂದು ಅವರು ವಿವರಿಸುತ್ತಾರೆ. ಮಂದಾಗ್ನಿಯಿಂದ ಕಫ ಹೆಚ್ಚುತ್ತದೆ ಎಂಬ ನಮ್ಮ ಮಾತಿಗೆ ಇದು ಹತ್ತಿರವೆನಿಸಿದರೂ ಎರಡೂ ಒಂದೇ ಎಂದುಕೊಳ್ಳಬಾರದು. ಬಿಳಿಯ, ಸುಲಭವಾಗಿ ಹೊರಬರುವ ಕಫಕ್ಕೆ ಇದನ್ನು ಹೇಳಿದ್ದಾರೆ. ಒಣಕೆಮ್ಮಿಗೂ ಕಫದಲ್ಲಿ ರಕ್ತ ಕಂಡಾಗಲೂ ಇದು ಸಲ್ಲದು.

ಉತ್ತರ 2 (ಮುಳ್ಳೇರಿಯದಿಂದ):
ಬಾನ್ ಶಿಯಾ ನಮ್ಮ ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದು. ಹಸಿಯಾಗಿ ತಿಂದರೆ ಗಂಟಲು ಉರಿದು ಬಾತುಕೊಳ್ಳುತ್ತದೆ. ಪತ್ರೊಡೆಗೆ ನಾವು ಹುಳಿ ಹಾಕುವಂತೆ, ಅವರು ಅದನ್ನು ಶುಂಠಿ ಮತ್ತು ಪಟಿಕದಲ್ಲಿ ಸಂಸ್ಕರಿಸಿಯೇ ಬಳಸುತ್ತಾರೆ. ತಯಾರಕರ ವಿವರವಿಲ್ಲದ ಬಾಟಲಿಯನ್ನು ದಯವಿಟ್ಟು ಮುಟ್ಟಬೇಡಿ.

ಉತ್ತರ 3 (ಕುಂಬಳೆಯಿಂದ, ಔಷಧ ಅಂಗಡಿ ನಡೆಸುವವನು):
ನನ್ನ ಚಿಂತೆ ಇರುವುದು ಜ್ಯೇಷ್ಠಮಧುವಿನ ಬಗ್ಗೆ. ಅದರಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಟ್ಟು ರಕ್ತದೊತ್ತಡವನ್ನು ಏರಿಸುತ್ತದೆ, ಪೊಟ್ಯಾಸಿಯಂ ಅನ್ನು ಇಳಿಸುತ್ತದೆ. ತಾಯಿಯವರ ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವಂಥದಾಗಿದ್ದರೆ ಪೊಟ್ಯಾಸಿಯಂ ಇನ್ನಷ್ಟು ಕುಸಿದು ಹೃದಯದ ಬಡಿತವೇ ತಪ್ಪಬಹುದು. ಆದ್ದರಿಂದ ವೈದ್ಯರನ್ನು ಕೇಳದೆ ಕೊಡಬೇಡಿ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ತಪಾಸಣೆ ಆಗಲೇಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫದ ಪರೀಕ್ಷೆ ಉಚಿತ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಕೃತಜ್ಞತೆಗಳು. ಚೀಟಿ ತೆಗೆದು ನೋಡಿದೆ. ಒಂದು ಮಾತ್ರೆ ಕ್ಲೋರ್ಥಾಲಿಡೋನ್, ಅಂದರೆ ಮೂತ್ರ ಹೆಚ್ಚಿಸುವಂಥದೇ. ಮನೆಯ ಕಷಾಯಕ್ಕೂ ನಾವು ಇರಟ್ಟಿಮಧುರವೆಂದು ತಂದ ಜ್ಯೇಷ್ಠಮಧುವನ್ನೇ ದಿನವೂ ಹಾಕುತ್ತಿದ್ದೆವು. ಇಂದಿನಿಂದ ಅದನ್ನು ನಿಲ್ಲಿಸಿದ್ದೇವೆ. ನಾಳೆ ಬೆಳಗ್ಗೆ ತಾಯಿಯನ್ನು ಕಫದ ಪರೀಕ್ಷೆಗೆ ಕರೆದೊಯ್ಯುತ್ತೇನೆ, ಬಾಟಲಿಯನ್ನೂ ವೈದ್ಯರಿಗೆ ತೋರಿಸುತ್ತೇನೆ.