ಕಳ್ಳತನದ ಅನುಮಾನಕ್ಕೆ ಗುರಿಯಾದ ಗುತ್ತಿಗೆ ಕೆಲಸಗಾರ್ತಿಗೆ ನೆರವಾಗುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಖಾಸಗಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಕಳೆದ ವಾರ ನಮ್ಮ ಮಹಡಿಯ ಅಧಿಕಾರಿಯೊಬ್ಬರ ಚಿನ್ನದ ಕೈಸರ ಮೇಜಿನ ಡ್ರಾಯರ್‌ನಿಂದ ಕಾಣೆಯಾಯಿತು. ಅಲ್ಲಿಗೆ ಹತ್ತಾರು ಜನ ಬಂದು ಹೋಗುತ್ತಾರಾದರೂ, ಎಲ್ಲರೆದುರು ಚೀಲ ಬಿಚ್ಚಿಸಿದ್ದು ಹೌಸ್‌ಕೀಪಿಂಗ್ ಕೆಲಸದ ಮಹಿಳೆಯೊಬ್ಬರದನ್ನು ಮಾತ್ರ. ಏನೂ ಸಿಗಲಿಲ್ಲ. ಆದರೂ ಗುತ್ತಿಗೆದಾರರ ಮೇಲ್ವಿಚಾರಕರು ನಾಳೆಯಿಂದ ಬರಬೇಡಿ ಎಂದು ಹೇಳಿ, ತಿಂಗಳ ಸಂಬಳ ತಡೆಹಿಡಿದು, ಒಂದು ಕಾಗದಕ್ಕೆ ಸಹಿ ಮಾಡುವಂತೆ ಒತ್ತಾಯಿಸುತ್ತಿದ್ದಾರೆ. ಇಂಥದ್ದನ್ನು ಕಂಡವರು ಅಥವಾ ಅನುಭವಿಸಿದವರು ದಾರಿ ತೋರಿಸಬೇಕಾಗಿ ವಿನಂತಿ.

ಕಾರ್ಮಿಕ ಪ್ರಕರಣಗಳನ್ನು ನಡೆಸುವ ವಕೀಲರೊಬ್ಬರು: ಮೊದಲು ಆ ಸಹಿಯನ್ನು ತಡೆಯಿರಿ, ಮಿಕ್ಕದ್ದೆಲ್ಲ ಆಮೇಲೆ. ಇಂತಹ ಕಾಗದಗಳಲ್ಲಿ ಸಾಮಾನ್ಯವಾಗಿ ‘ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎಂದೋ ‘ತಪ್ಪಾಗಿದೆ, ಮನ್ನಿಸಬೇಕು’ ಎಂದೋ ಬರೆದಿರುತ್ತದೆ. ಓದು ಬಾರದವರಿಂದ ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ ಪ್ರಕರಣಗಳನ್ನೂ ನಾನು ನೋಡಿದ್ದೇನೆ. ಅದೊಂದು ಹಾಳೆ ಎದುರಿಗೆ ಬಂದರೆ, ಕಾರ್ಮಿಕ ಇಲಾಖೆಯಲ್ಲಿ ಮುಂದೆ ಹೇಳುವ ಪ್ರತಿ ಮಾತಿಗೂ ಅದನ್ನೇ ಉತ್ತರವಾಗಿ ಹಿಡಿಯುತ್ತಾರೆ.

ಸಂಬಳದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ನಷ್ಟದ ಹೆಸರಿನಲ್ಲಿ ವೇತನ ಕಡಿತ ಮಾಡಬೇಕಾದರೆ, ಆ ವಸ್ತುವನ್ನು ಕಾಯುವ ಹೊಣೆಯನ್ನು ಕೆಲಸಗಾರರಿಗೆ ಸ್ಪಷ್ಟವಾಗಿ ಒಪ್ಪಿಸಿರಬೇಕು, ನಷ್ಟಕ್ಕೆ ಅವರ ನಿರ್ಲಕ್ಷ್ಯವೇ ನೇರ ಕಾರಣವಾಗಿರಬೇಕು, ಕಡಿತಕ್ಕೆ ಮುಂಚೆ ಅವರ ವಿವರಣೆಯನ್ನೂ ಕೇಳಿರಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ನಿಯಮ 2019ರ ವೇತನ ಸಂಹಿತೆಯಲ್ಲೂ ಉಳಿದಿದೆ. ಅಧಿಕಾರಿಯ ಡ್ರಾಯರ್‌ನಲ್ಲಿದ್ದ ಒಡವೆಯನ್ನು ನೆಲ ಒರೆಸುವವರ ವಶಕ್ಕೆ ಯಾರು, ಯಾವಾಗ ಒಪ್ಪಿಸಿದ್ದರು? ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕೆಂಬುದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಇರುವ ಕಟ್ಟಳೆ. ಆದ್ದರಿಂದ ‘ಅವರು ನಮ್ಮ ನೌಕರರಲ್ಲ’ ಎಂದು ನಿಮ್ಮ ಕಚೇರಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ಪೊಲೀಸರ ಹೆಸರು ಹೇಳಿ ಹೆದರಿಸಿದರೆ, ಲಿಖಿತ ದೂರು ಕೊಡಿ ಎಂದು ಆ ಮಹಿಳೆಯೇ ಧೈರ್ಯವಾಗಿ ಹೇಳಲಿ. ಮಹಿಳೆಯ ಮೈಶೋಧನೆಯನ್ನು ಮಹಿಳೆಯೇ, ಮರ್ಯಾದೆಗೆ ಕುಂದು ಬಾರದಂತೆ ಮಾಡಬೇಕೆಂಬ ನಿಯಮ ಪೊಲೀಸರಿಗೂ ಅನ್ವಯಿಸುತ್ತದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. 15100 ಸಂಖ್ಯೆಗೆ ಕರೆ ಮಾಡಿಸಿ. ಅವರು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿದ್ದು, ಬೇರೆ ಜಾತಿಯವರು ದುರುದ್ದೇಶದಿಂದ ಸುಳ್ಳು ಮೊಕದ್ದಮೆ ಹೂಡಿದರೆ, ಅದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧವಾಗುತ್ತದೆ.

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದವರೊಬ್ಬರು: ನಾನಿದ್ದ ಕಾರ್ಖಾನೆಯಲ್ಲಿ ಸಂಜೆ ಗೇಟಿನ ಬಳಿ ಟೈಲರ್‌ಗಳು ಮತ್ತು ಹೆಲ್ಪರ್‌ಗಳು ಊಟದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿ ಹೋಗಬೇಕಿತ್ತು, ಕಾರಿನಲ್ಲಿ ಹೋಗುವವರನ್ನು ಯಾರೂ ತಡೆಯುತ್ತಿರಲಿಲ್ಲ. ಥಾನುಗಟ್ಟಲೆ ಬಟ್ಟೆಯನ್ನು ಡಬ್ಬಿಯಲ್ಲಿಟ್ಟು ಸಾಗಿಸಲಾಗದೆಂಬುದು ಭದ್ರತೆಯವರಿಗೂ ತಿಳಿದಿತ್ತು. ಯೂನಿಯನ್‌ನವರು ತಪಾಸಣೆ ಬೇಡವೆನ್ನಲಿಲ್ಲ. ಜನರಲ್ ಮ್ಯಾನೇಜರ್ ಸಹಿತ ಎಲ್ಲರಿಗೂ ಒಂದೇ ತಪಾಸಣೆ ಇರಲಿ, ಇಲ್ಲವೇ ಯಾರಿಗೂ ಬೇಡ ಎಂದು ಬರವಣಿಗೆಯಲ್ಲಿ ಕೇಳಿದರು. ಕೆಲವೇ ದಿನಗಳಲ್ಲಿ ಡಬ್ಬಿ ತೆರೆಸುವುದು ನಿಂತಿತು! ನೀವೂ ಮಾನವ ಸಂಪನ್ಮೂಲ ವಿಭಾಗಕ್ಕೆ ಪತ್ರ ಬರೆದು, ಅಂದು ಆ ಮಹಡಿಗೆ ಬಂದವರೆಲ್ಲರ ಪ್ರವೇಶ ಕಾರ್ಡಿನ ದಾಖಲೆ ಮತ್ತು ಕ್ಯಾಮೆರಾ ದೃಶ್ಯಗಳನ್ನು ಅಳಿಸದೆ ಕಾಯ್ದಿಡುವಂತೆ ಕೇಳಿರಿ. ಕ್ಯಾಮೆರಾದಲ್ಲಿ ಹಳೆಯ ದೃಶ್ಯಗಳ ಮೇಲೆ ಹೊಸವು ದಾಖಲಾಗುತ್ತ ಹೋಗುವುದರಿಂದ ತಡ ಮಾಡಬೇಡಿ. ಸಾಧ್ಯವಾದರೆ ಇನ್ನಿಬ್ಬರು ಕಾಯಂ ನೌಕರರ ಸಹಿಯನ್ನೂ ಪಡೆಯಿರಿ, ಒಬ್ಬರ ಪತ್ರವನ್ನು ಬದಿಗಿಡುವುದು ಸುಲಭ.

ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವರು, ಮಗಳ ಕೈಯಲ್ಲಿ ಬರೆಸಿದ್ದು: ರೋಗಿಯೊಬ್ಬರ ಉಂಗುರ ಕಾಣದಾದಾಗ ನನ್ನನ್ನು ಸ್ಟೋರ್ ರೂಮಿನಲ್ಲಿ ಕೂರಿಸಿ ಗಂಟೆಗಟ್ಟಲೆ ಪ್ರಶ್ನಿಸಿದರು. ಉಂಗುರ ಮರುದಿನ ಬಟ್ಟೆ ಒಗೆಯುವಲ್ಲಿ ದಿಂಬಿನ ಚೀಲದೊಳಗೆ ಸಿಕ್ಕಿತು. ಸಿಕ್ಕಿತೆಂಬ ಸುದ್ದಿಯನ್ನು ಮಾತ್ರ ಯಾರೂ ವಾರ್ಡಿನಲ್ಲಿ ಹೇಳಲಿಲ್ಲ. ಅನುಮಾನವನ್ನು ಎಲ್ಲರೆದುರು ಹೇಳಿದ್ದರಲ್ಲ, ಇದನ್ನೂ ಎಲ್ಲರೆದುರೇ ಹೇಳಿ ಎಂದು ನಾನು ಮೇಟ್ರನ್ ಅವರನ್ನು ಕೇಳಿದೆ. ಅವರು ಒಪ್ಪಲು ಬಹಳ ದಿನ ಹಿಡಿಯಿತು, ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಎರಡು ಸಾಲು ಹಾಕಿದರು. ಆ ಅಕ್ಕನ ಮನೆಗೆ ನೀವೊಮ್ಮೆ ಹೋಗಿ ಬನ್ನಿ. ಆ ದಿನಗಳಲ್ಲಿ ನನ್ನ ಜೊತೆ ಕ್ಯಾಂಟೀನಿನಲ್ಲಿ ಕೂತು ಚಹಾ ಕುಡಿದವರು ಒಬ್ಬ ನರ್ಸಮ್ಮ ಮಾತ್ರ.

ಮಾನವ ಸಂಪನ್ಮೂಲ ವಿಭಾಗದಲ್ಲಿರುವವರೊಬ್ಬರು: ವಕೀಲರ ಮಾತು ಸರಿ, ಆದರೆ ಗುತ್ತಿಗೆದಾರರು ಬಹುತೇಕ ಲಿಖಿತವಾಗಿ ಏನನ್ನೂ ಮಾಡುವುದಿಲ್ಲ. ಮೇಲ್ವಿಚಾರಕರು ತಮ್ಮೊಳಗೆ ‘ಇವರನ್ನು ತೆಗೆದುಕೊಳ್ಳಬೇಡಿ’ ಎಂದು ವಾಟ್ಸಾಪ್ ಮಾಡಿದರೆ ಮುಗಿಯಿತು, ಮುಂದಿನ ಕೆಲಸವೂ ಕೈತಪ್ಪುತ್ತದೆ. ಆದ್ದರಿಂದ ಬಾಕಿ ಸಂಬಳದ ಜೊತೆಗೆ ಅನುಭವ ಪತ್ರವನ್ನೂ ಈಗಲೇ ಕೇಳಬೇಕು. ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ, ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕ, ಹಾಜರಾತಿಯ ಫೋಟೊ, ಗುರುತಿನ ಚೀಟಿ ಇವೆಲ್ಲವನ್ನೂ ಅವರ ಬಳಿ ಜೋಪಾನವಾಗಿ ಇರಿಸಿ; ಗುರುತಿನ ಚೀಟಿಯನ್ನು ಹಿಂದಿರುಗಿಸುವ ಮೊದಲು ಎರಡೂ ಬದಿಯ ಚಿತ್ರ ತೆಗೆದುಕೊಳ್ಳಿ, ಏಕೆಂದರೆ ಅವರು ಅಲ್ಲಿ ಕೆಲಸಕ್ಕಿದ್ದರೆಂಬುದನ್ನೇ ಗುತ್ತಿಗೆದಾರ ನಾಳೆ ಅಲ್ಲಗಳೆಯಬಹುದು.