ಅಪ್‌ಡೇಟ್: ರಾತ್ರಿ ಗಂಟಲು ಬಿಗಿದು ಉಸಿರು ಕಟ್ಟುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ನಿದ್ದೆಯಲ್ಲಿ ಗಂಟಲು ಗಕ್ಕನೆ ಮುಚ್ಚಿ ಉಸಿರೇ ಒಳಗೆ ಹೋಗಲ್ಲ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ರಾಯಚೂರಿನವನು. ಇಎನ್‌ಟಿ ಡಾಕ್ಟರ್ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಲ್ಯಾರಿಂಗೋಸ್ಪಾಸಂ ಅಂತೆ. ಹೊಟ್ಟೆಯ ಆಸಿಡ್ ಮೇಲೇರಿ ಗಂಟಲಿಗೆ ತಾಗಿದರೆ ಧ್ವನಿತಂತುಗಳು ಬಿಗಿದು ಮುಚ್ಚಿಕೊಳ್ಳುತ್ತವೆ. ಎದೆಯುರಿ ಒಂದು ದಿನವೂ ಬಂದಿರಲಿಲ್ಲ ನನಗೆ, ಆದರೂ ಆಸಿಡ್ಡೇ ಕಾರಣ!

ಉಸಿರು ಕಟ್ಟಿದ ಹೊತ್ತಿಗೆ ಕೈ ಹಿಡಿದಿದ್ದು ಆಗ ಇಲ್ಲಿ ಅಕ್ಕ ಒಬ್ಬರು ಹೇಳಿದ ಉಪಾಯ: ಬಾಯಿ ಮುಚ್ಚಿ, ಹೂವು ಮೂಸಿದಂಗೆ ಮೂಗಿನಿಂದ ಮೆಲ್ಲಗೆ ಎಳೆದು, ತುಟಿ ಚೂಪು ಮಾಡಿ ನಿಧಾನ ಬಿಡೋದು. ಮೊದಲು ಕೀಂ ಅಂತ ಸದ್ದು, ಆಮೇಲೆ ದಾರಿ ಬಿಡ್ತು. ಅಕ್ಕ, ನಿಮ್ಮ ಋಣ ದೊಡ್ಡದು.

ಇನ್‌ಹೇಲರ್ ಉಪಯೋಗ ಆಗಲಿಲ್ಲ. ಆಗ ನೀರಂತೂ ಕುಡಿಯಲೇಬೇಡಿ, ಕೆಮ್ಮು ಹೆಚ್ಚಾಯ್ತು.

ಈಗ ಆಸಿಡ್ ತಗ್ಗಿಸೋ ಮಾತ್ರೆ, ಮಂಚದ ತಲೆಕಡೆ ಕಾಲಿಗೆ ಇಟ್ಟಿಗೆ, ಬೇಗ ಊಟ, ಸಂಜೆ ಒಗ್ಗರಣಿ-ಮಿರ್ಚಿ ಬಂದ್. ತುಟಿ ನೀಲಿಗಟ್ಟಿದರೆ ಕಾಯದೆ 108ಕ್ಕೆ ಫೋನ್ ಮಾಡಿ.