ಕಂಪ್ಯೂಟರ್‌ನಿಂದ ನಡೆಯುವ ಹಳೆ ರಿಸೀವರ್: ಇಟ್ಟುಕೊಂಡವರು ಹೇಳಿ

ಶಹಾಬಾದ್‌ನಿಂದ:
ಎಲ್ಲರಿಗೂ ಶರಣು. ಐಕಾಮ್ ಕಂಪನಿಯ ಪಿಸಿಆರ್-1000 ರೇಡಿಯೋ ರಿಸೀವರ್ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದೆ. ಡಯಲ್ ಇಲ್ಲ, ಸ್ಟೇಷನ್ ತಿರುಗಿಸೋದೆಲ್ಲ ಕಂಪ್ಯೂಟರ್‌ನಲ್ಲೇ. ಹೊಸ ಲ್ಯಾಪ್‌ಟಾಪ್ ಅದನ್ನು ಒಮ್ಮೆ ಗುರುತು ಹಿಡಿದರೆ ನಾಲ್ಕು ಸಲ ಹಿಡಿಯಲ್ಲ. ಹಿಡಿದಾಗಲೂ ಬರೀ ಗುರ್ ಅಂತ ಸದ್ದು. ಇಟ್ಟುಕೊಳ್ಳಲಾ, ಮಾರಲಾ?

ಕಲಬುರಗಿ, ಸೇಡಂ ರಸ್ತೆಯಿಂದ:
ಮಾರಬೇಡಿ ಸರ್. ಈ ಸೆಟ್‌ಗಳಲ್ಲಿ ಡಬ್ಬಿ ಕೆಡೋದು ಕಡಿಮೆ, ಅದಕ್ಕೆ ಜೋಡಿಸಿದ್ದೇ ಕಾಡೋದು ಜಾಸ್ತಿ. ಇದು 1990ರ ದಶಕದ ಕೊನೆಯ ಸರಕು. ಕಂಪ್ಯೂಟರ್‌ಗೆ ಜೋಡಿಸಲು 9 ಪಿನ್ ಸೀರಿಯಲ್ ಪೋರ್ಟ್ ಅನ್ನೋ ಹಳೆ ಕಾಲದ ಸಾಕೆಟ್ ಬೇಕು. ಈಗಿನ ಲ್ಯಾಪ್‌ಟಾಪ್‌ನಲ್ಲಿ ಅದೆಲ್ಲಿದೆ? ಯುಎಸ್‌ಬಿ ಕನ್ವರ್ಟರ್ ಹಾಕಿರುತ್ತೀರಿ. ಅಗ್ಗದವುಗಳಲ್ಲಿ ನಕಲಿ ಚಿಪ್ ಇರುತ್ತದೆ, ವಿಂಡೋಸ್ ಡ್ರೈವರ್ ಅದನ್ನು ಒಪ್ಪಲ್ಲ. ಎಫ್‌ಟಿಡಿಐ ಕಂಪನಿಯ ಅಸಲಿ ಚಿಪ್ ಇರುವುದನ್ನೇ ತನ್ನಿ. ಆಮೇಲೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕನ್ವರ್ಟರ್‌ಗೆ ಸಿಕ್ಕಿರುವ ಕಾಮ್ (COM) ಪೋರ್ಟ್ ನಂಬರ್ ನೋಡಿ. 10, 12 ಅಂತ ಇದ್ದರೆ 1ರಿಂದ 4ರೊಳಗೆ ಇಳಿಸಿ, ಹಳೆ ಸಾಫ್ಟ್‌ವೇರ್ ಎಷ್ಟೋ ಸಲ ಅಷ್ಟರ ಮೇಲೆ ನೋಡುವುದೇ ಇಲ್ಲ. ನಾನು ಲಿನಕ್ಸ್‌ಗೆ ಹೋಗಿಬಿಟ್ಟೆ. ಅಲ್ಲಿ ಹ್ಯಾಮ್‌ಲಿಬ್ ಅನ್ನೋ ಉಚಿತ ಸಾಫ್ಟ್‌ವೇರ್ ಈ ಮಾಡೆಲ್ ನಡೆಸುತ್ತದೆ, ಕಂಪನಿ ಸಿಡಿ ಹುಡುಕುವ ಗೋಳಿಲ್ಲ.

ಬೀದರ್‌ನಿಂದ:
ಗುರ್ ಸದ್ದಿನ ಬಗ್ಗೆ ನಾನು ಹೇಳ್ತೀನಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ. ರಿಸೀವರ್‌ಗೂ ಅಡಾಪ್ಟರ್ ಬದಲು 12 ವೋಲ್ಟ್ ಬ್ಯಾಟರಿ ಕೊಡಿ, ನಡುವೆ ಫ್ಯೂಸ್ ಇರಲಿ. ಸದ್ದು ಇಳಿಯಿತಾ? ಹಾಗಾದರೆ ಅಡಾಪ್ಟರ್‌ಗಳದ್ದೇ ತಪ್ಪು. ಇಳಿಯದಿದ್ದರೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಕೇಳಿ. ಆಗಲೂ ಇದ್ದರೆ ಪಕ್ಕದ ಮನೆಯ ಇನ್ವರ್ಟರ್ ಇರಬಹುದು, ಆ ಜಗಳಕ್ಕೆ ನಾನು ಬರಲ್ಲ! ಪರೀಕ್ಷೆಗೆ ಕಲಬುರಗಿ ಆಕಾಶವಾಣಿಯ 1107 ಕಿಲೋಹರ್ಟ್ಸ್ ಹಾಕಿ. ನಿಮ್ಮೂರಿಗೆ ಅದು ಗಟ್ಟಿಯಾಗಿ ಬರಬೇಕು. ಉದ್ದ ತಂತಿ ಕಟ್ಟಿದ್ದರೆ ಅದೇ ಸ್ಟೇಷನ್ ಬೇರೆ ಫ್ರೀಕ್ವೆನ್ಸಿಗಳಲ್ಲೂ ನುಗ್ಗಬಹುದು, ಆಗ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿಕೊಳ್ಳಿ.

ಇನ್ನೊಂದು ಮಾತು. ಸೆಟ್ 1300 ಮೆಗಾಹರ್ಟ್ಸ್‌ವರೆಗೂ ಹೋಗುತ್ತದೆ ಅಂತ ಪೊಲೀಸ್, ವಿಮಾನದ ಮಾತಿಗೆ ಕಿವಿ ಕೊಡಬೇಡಿ. ನಮ್ಮೂರಲ್ಲಂತೂ ವಾಯುಪಡೆ ನೆಲೆಯೇ ಇದೆ. 7ರಿಂದ 7.2 ಮೆಗಾಹರ್ಟ್ಸ್‌ನಲ್ಲಿ ಹ್ಯಾಮ್‌ನವರು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು, ಬೆಳಗ್ಗೆ ಹರಟುತ್ತಾರೆ, ಸೆಟ್‌ನ ಮೋಡ್ ಎಲ್‌ಎಸ್‌ಬಿಗೆ (ಲೋವರ್ ಸೈಡ್‌ಬ್ಯಾಂಡ್) ಹಾಕಿ ಕೇಳಿ.

ಕಲಬುರಗಿ, ಜೇವರ್ಗಿ ರಸ್ತೆಯಿಂದ:
ಇಷ್ಟೆಲ್ಲ ಯಾಕೆ? ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೋ, ಒಂದು ಎಸ್‌ಡಿಆರ್ ಡಾಂಗಲ್ ತಗೊಂಡರೆ ಮುಗೀತಲ್ವಾ?

ಸೇಡಂ ರಸ್ತೆಯಿಂದ:
ಅಗ್ಗದ ಡಾಂಗಲ್‌ಗಳು ಸಿಗ್ನಲ್ ಅಳೆಯೋದು ಬರೀ 8 ಬಿಟ್‌ನಲ್ಲಿ ಅಣ್ಣಾ, ಜೋರು-ಮೆಲು ದನಿ ಒಟ್ಟಿಗೆ ಹಿಡಿಯಲು ಅಷ್ಟು ಸಾಲಲ್ಲ. ಸ್ಕ್ರೀನ್ ಮೇಲೆ ಸಿಗ್ನಲ್‌ಗಳ ಚಿತ್ರ ಚಂದ ಕಾಣುತ್ತದೆ. ಜೋರು ಸ್ಟೇಷನ್ ಪಕ್ಕದ ಸಣ್ಣ ದನಿ ಮಾತ್ರ ಮುಳುಗಿಹೋಗುತ್ತದೆ. ಎರಡೂ ಇರಲಿ.

ಯಾದಗಿರಿಯಿಂದ:
ಯಾರೂ ಸಿಡಿಲಿನ ಸುದ್ದಿ ಎತ್ತಲಿಲ್ಲ. ಏಪ್ರಿಲ್-ಮೇ ಸಂಜೆ ಗುಡುಗು ಕೇಳುವ ಮೊದಲೇ ಆಂಟೆನಾ ಕೇಬಲ್ ಕೀಳಿ. ಸೀರಿಯಲ್ ಕೇಬಲ್, ಪವರ್ ಪ್ಲಗ್ ಕೂಡ. ಸುಮ್ನೆ ಆಫ್ ಮಾಡಿದರೆ ಸಾಲದು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ರಾಡ್‌ನಿಂದ ದೂರ ಸರಿಯುತ್ತದೆ, ಗುಂಡಿಗೆ ನೀರು ಹಾಕುತ್ತಿರಿ. ನಿಮ್ಮಲ್ಲಿ ಕೆಳಗೆ ಫರ್ಸಿ ಕಲ್ಲು ಸಿಕ್ಕರೆ ರಾಡ್ ಇಳಿಯಲ್ಲ, ಎಲೆಕ್ಟ್ರಿಷಿಯನ್‌ಗೆ ತೋರಿಸಿ ಬೇರೆ ದಾರಿ ಮಾಡಿ. ಸೆಟ್ ಮೇಲೆ ಬಟ್ಟೆ ಹೊದಿಸಿ ನಡೆಸಬೇಡಿ. 42 ಡಿಗ್ರಿ ಬಿಸಿಲಲ್ಲಿ ಒಳಗಿನ ಕೆಪ್ಯಾಸಿಟರ್‌ಗಳು ಬೇಗ ಒಣಗುತ್ತವೆ.

ಶಹಾಬಾದ್‌ನಿಂದ:
ಚಾರ್ಜರ್ ಕಿತ್ತ ಕೂಡಲೇ ಅರ್ಧ ಸದ್ದು ಹೋಯಿತು! 1107 ಸ್ವಚ್ಛ ಬರುತ್ತಿದೆ. ಎಫ್‌ಟಿಡಿಐ ಕೇಬಲ್ ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಸಿಗುತ್ತಾ, ಹೈದರಾಬಾದ್‌ನಿಂದಲೇ ತರಿಸಬೇಕಾ?